ಹೋಗಿ ಬರುವವರ ತಕ್ಕಡಿ

ಒಂದು ಊರು. ಊರಿನ ಮಗ್ಗುಲಿಗೆ ಒಂದು ಹೊಳೆ. ಹೊಳೆಯ ಆಚೆಗೆ ಇನ್ನೊಂದು ಊರು. ನಡುವೆ ಒಂದು ಸೇತುವೆ, ಸೇತುವೆಯ ಬಾಯಿಗೆ ಒಂದು ಮನೆ, ಆ ಮನೆಗೆ ಒಂದೇ ಒಂದು ಕಿಟಕಿ. ಬಾಗಿಲು ಇರಲಿಲ್ಲವೇ ಅಂತ ಕೇಳಬೇಡಿ. ಬಾಗಿಲು ಇದ್ದಿದ್ದರೆ ಈ ಕಥೆ ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಆ ಊರಿನಲ್ಲಿ ಒಂದು ಕಟ್ಟಳೆ. ಆಚೆ ದಡಕ್ಕೆ ಯಾರು ಬೇಕಾದರೂ ಹೋಗಬಹುದು, ಆದರೆ ವಾಪಸ್ ಬರುತ್ತೇನೆ ಅನ್ನುವುದನ್ನು ಹೋಗುವುದಕ್ಕೆ ಮೊದಲೇ ತೋರಿಸಿಕೊಡಬೇಕು. ಬಾಯಿಮಾತು ನಡೆಯುವುದಿಲ್ಲ, ಆಣೆ ಪ್ರಮಾಣ ನಡೆಯುವುದಿಲ್ಲ. ಕಿಟಕಿಯ ಒಳಗೆ ಒಂದು ತಕ್ಕಡಿ ತೂಗುಹಾಕಿದ್ದರು. ಒಂದು ತಟ್ಟೆಯಲ್ಲಿ ಮನುಷ್ಯನನ್ನು ಆಚೆಗೆ ಕರೆಯುವಂಥದ್ದು, ಇನ್ನೊಂದು ತಟ್ಟೆಯಲ್ಲಿ ಅವನನ್ನು ಈಚೆಗೆ ಹಿಡಿದಿಡುವಂಥದ್ದು. ಈಚೆಯ ತಟ್ಟೆ ಕೆಳಗೆ ಕೂತರೆ ಅಂಗೈ ಮೇಲೆ ಮುದ್ರೆ. ಆಚೆಯ ತಟ್ಟೆ ಕೆಳಗೆ ಕೂತರೆ ನಾಳೆ ಬನ್ನಿ. ತೂಗುತ್ತಿದ್ದವನ ಮುಖವನ್ನು ಕಂಡವರಿಲ್ಲ. ಕಿಟಕಿ ಅಷ್ಟು ಚಿಕ್ಕದು. ಕಾಣುತ್ತಿದ್ದದ್ದು ಎರಡು ಕೈ, ಉಗುರಿನ ಸಂದಿಯಲ್ಲೂ ಒಂದು ಚೂರು ಕೊಳೆ ಇಲ್ಲದ ಕೈ.

ಆ ಊರಿನ ಕುಂಬಾರನಿಗೆ ಒಬ್ಬಳೇ ತಂಗಿ. ಅವಳ ಗಂಡ ಆಚೆ ದಡದಲ್ಲಿ ಕೆಲಸ ಹಿಡಿದು ಅಲ್ಲಿಯವನೇ ಆಗಿಹೋಗಿದ್ದ. ತಂಗಿ ಆರು ವರ್ಷ ಅಣ್ಣನ ಮನೆಯಲ್ಲಿದ್ದು, ಅಲ್ಲೇ ಹುಟ್ಟಿ ಬೆಳೆದ ಮಗಳ ಕೈ ಹಿಡಿದು, ಒಂದು ಬೆಳಿಗ್ಗೆ ಗಂಡನ ಹತ್ತಿರ ಹೊರಟಳು. ಆಚೆಯವನ ಹೆಂಡತಿ ಮಗಳಿಗೆ ತಕ್ಕಡಿ ಇರಲಿಲ್ಲ. ಮಗು ಸೇತುವೆಯ ಮೊದಲ ಕಲ್ಲಿನ ಮೇಲೆ ಕುಕ್ಕರಿಸಿ ಕೂತುಬಿಟ್ಟಿತು. ಮಾವ ಬಂದರೇ ತಾನು ಬರುವುದು ಅಂತ ಹಟ. ಕುಂಬಾರ ಮಂಡಿಯೂರಿ ಅದರ ಕೈ ಹಿಡಿದುಕೊಂಡ.

"ಈಗ ಹೋಗು ಕಂದ. ನಿನ್ನ ಮದುವೆಗೆ ಬರ್ತೀನಿ. ಹಸೆಗೆ ನಿನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗೋನು ನಾನೇ. ನಾನು ಬರೋವರೆಗೂ ಕೂತಲ್ಲಿಂದ ಏಳಬೇಡ, ಆಯ್ತಾ?"

ಮಗು ಯೋಚನೆ ಮಾಡಿ, ಆಯ್ತು ಅಂದಿತು.

ಆ ಸೀಮೆಯಲ್ಲಿ ಮದುಮಗಳನ್ನು ಒಳಮನೆಯಿಂದ ಹಸೆಮಣೆಗೆ ಕರೆತರುವುದು ಸೋದರಮಾವನ ಹಕ್ಕು. ಅಪ್ಪ ಇದ್ದರೂ ಅವನೇ, ಊರಿಗೆ ಅರಸ ಬಂದಿದ್ದರೂ ಅವನೇ. ಹದಿನೇಳು ವರ್ಷ ಕುಂಬಾರ ತಿಗರಿ ತಿರುಗಿಸುತ್ತಾ ಆ ದಿನಕ್ಕೆ ಕಾದ. ಅವನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಕಾಯುವುದಕ್ಕೆ ಅವನ ಹತ್ತಿರ ಇದ್ದದ್ದೂ ಅದೊಂದೇ ದಿನ.

ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಬಂತು. ಮುಹೂರ್ತಕ್ಕೆ ಇಪ್ಪತ್ತು ದಿನ. ಹಿಂಬದಿಯಲ್ಲಿ ತಂಗಿ ಬರೆದಿದ್ದಳು: "ಅಣ್ಣಾ, ನಿನ್ನ ಸೊಸೆ ಅದೇ ಹಟ ಹಿಡಿದಿದಾಳೆ. ನೀನು ಬಂದು ಕೈ ಹಿಡಿಯೋವರೆಗೂ ಏಳಲ್ಲವಂತೆ. ತಡ ಮಾಡಬೇಡ." ಕುಂಬಾರ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡ. ಅವತ್ತೇ ಒಳ್ಳೆಯ ಮಣ್ಣು ನೆನೆಹಾಕಿ, ಮದುವೆ ಚಪ್ಪರದಲ್ಲಿ ಇಡುವ ಐರಣಿ ಮಡಕೆ ಮಾಡಲು ಕೂತ. ಸುಟ್ಟು, ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆದ. ಮಡಕೆ ಮುಗಿದ ಮೇಲೆ ಹೆಂಡತಿ ತುಂಬಿಕೊಟ್ಟ ನೀರಿನ ತಂಬಿಗೆ ಹಿಡಿದು ಕಿಟಕಿಯ ಮುಂದಿನ ಸಾಲಿನಲ್ಲಿ ನಿಂತ. ಆಗ ಮುಹೂರ್ತಕ್ಕೆ ಹನ್ನೆರಡು ದಿನ ಉಳಿದಿತ್ತು.

ತಂಬಿಗೆ ಯಾಕೆ ಅಂದರೆ, ಹೊರಟು ನಿಂತವನನ್ನು ಎಲ್ಲಿಗೆ ಅಂತ ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಇದು ಊರಿನ ಕೂಸಿಗೂ ಗೊತ್ತಿರುವ ವಿಷಯ. ಅಪ್ಪಿತಪ್ಪಿ ಯಾರಾದರೂ ಕೇಳಿಬಿಟ್ಟರೆ ಹೊರಟವನು ಹಿಂದಕ್ಕೆ ಬಂದು, ಒಂದು ಗಳಿಗೆ ಕೂತು, ಎರಡು ಗುಟುಕು ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಕಿಟಕಿಯವನು ಕೇಳುತ್ತಿದ್ದ ಮೊದಲನೇ ಪ್ರಶ್ನೆಯೇ ಅದು.

"ಎಲ್ಲಿಗೆ?"

ಕುಂಬಾರ ತುಟಿ ಕಚ್ಚಿಕೊಂಡು ಹಿಂದಕ್ಕೆ ಬಂದ. ಕೂತ. ನೀರು ಕುಡಿದ. ಸಾಲು ಬಿಟ್ಟವನಿಗೆ ಸಾಲಿನ ಕೊನೆ. ಅಲ್ಲಿ ಅವನಂತೆಯೇ ಹತ್ತು ಹದಿನೈದು ಜನ ತಂಬಿಗೆ ಹಿಡಿದು ಸಾಲಾಗಿ ಕೂತಿದ್ದರು. ಕಿಟಕಿಯವನಿಗೆ ಈ ಸಂಗತಿಯನ್ನು ಯಾರೂ ಹೇಳಿರಲಿಲ್ಲವೇ? ಹೇಳಿದ್ದರು. ಬರೆದುಕೊಟ್ಟ ಪ್ರಶ್ನೆ, ಬದಲಾಯಿಸುವ ಅಧಿಕಾರ ತನಗಿಲ್ಲ ಅಂದಿದ್ದನಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಯ ಮುಖವೂ ಕಾಣುವಂತಿರಲಿಲ್ಲ.

ಹೀಗೆ ಮೂರು ದಿನ ಹೋಯಿತು. ನಾಲ್ಕನೇ ದಿನ ಹೆಂಡತಿ ಬೈದಳು. "ಶಕುನ ನೋಡ್ತಾ ಕೂತ್ರೆ ಮುಹೂರ್ತ ಕಾಯುತ್ತೇನ್ರೀ? ಕೇಳಿದ್ರೆ ಕೇಳ್ಲಿ, ನೀವು ಉತ್ತರ ಕೊಡಿ." ಅವಳ ಮಾತು ಸರಿಯಾಗಿಯೇ ಇತ್ತು. ಐದನೇ ದಿನ ಅವನು ಮನಸ್ಸು ಗಟ್ಟಿಮಾಡಿಕೊಂಡು ನಿಂತ.

"ಎಲ್ಲಿಗೆ?"

"ಆಚೆ ದಡಕ್ಕೆ ಸ್ವಾಮಿ. ಮದುವೆಗೆ."

"ಯಾರ ಮದುವೆ?"

"ನನ್ನ ತಂಗಿ ಮಗಳದು."

ಕೈಗಳು ಪತ್ರಿಕೆಯನ್ನು ತೆಗೆದುಕೊಂಡು ಆಚೆಯ ತಟ್ಟೆಯಲ್ಲಿಟ್ಟವು. "ಅವರು ನಿಮಗೆ ಎಷ್ಟು ಬೇಕಾದವರು?"

ತಪ್ಪು ಆದದ್ದು ಅಲ್ಲೇ. ಹದಿನೇಳು ವರ್ಷದಲ್ಲಿ ಯಾರೂ ಆ ಪ್ರಶ್ನೆಯನ್ನು ಅವನಿಗೆ ಕೇಳಿರಲಿಲ್ಲ. ನಮ್ಮ ಕಡೆಯ ಜನ ಹಾಗೆ, ಸಂಬಂಧ ಕೇಳಿದವರಿಗೆ ಸಂಬಂಧ ಹೇಳಿ ಸುಮ್ಮನಿರಲು ಬಾರದು, ಜೊತೆಗೆ ಜೀವವನ್ನೂ ಬಿಚ್ಚಿಡುತ್ತಾರೆ. ಕೆರೆಗೆ ಮಣ್ಣು ತರಲು ಹೋಗುವಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದದ್ದನ್ನು ಹೇಳಿದ. ದಾರಿಯುದ್ದಕ್ಕೂ ಅವನ ಎರಡೂ ಕಿವಿ ಹಿಡಿದುಕೊಂಡು, ಎಡಕ್ಕೆ ಬಲಕ್ಕೆ ಅಂತ ಎತ್ತಿನಂತೆ ನಡೆಸುತ್ತಿದ್ದಳು. ತಟ್ಟೆ ಒಂದು ಗೇಣು ಇಳಿಯಿತು. ತಿಗರಿಯ ಮುಂದೆ ಅವಳ ಪುಟ್ಟ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಮೊದಲ ಗಡಿಗೆ ಎತ್ತಿಸಿದ್ದನ್ನು ಹೇಳಿದ. ಅದು ಸೊಟ್ಟಗಾಗಿ, ಅವಳು ಅತ್ತು, ಸೊಟ್ಟ ಇರೋದೇ ಚೆಂದ ಅಂತ ಇವನು ಅದನ್ನು ಸುಟ್ಟು ಗೂಡಿನಲ್ಲಿಟ್ಟಿದ್ದ. ಇನ್ನೊಂದು ಗೇಣು ಇಳಿಯಿತು. ಸೇತುವೆಯ ಮೇಲೆ ಕೊಟ್ಟ ಮಾತನ್ನು ಹೇಳಿದ. ಒಂದು ಎಲೆಯಷ್ಟೂ ಭಾರವಿಲ್ಲದ ಪತ್ರಿಕೆ, ತಟ್ಟೆ ಹೋಗಿ ಟಣ್ ಅಂತ ನೆಲಕ್ಕೆ ಬಡಿಯಿತು.

"ಎಳೆತ ಬಹಳ ಇದೆ," ಅಂದಿತು ಒಳಗಿನ ದನಿ. "ಇಷ್ಟು ಎಳೆತ ಇರುವವರು ವಾಪಸ್ ಬರುವುದಿಲ್ಲ. ನಾಳೆ ಬನ್ನಿ. ಈಚೆಯ ತಟ್ಟೆಗೆ ಏನಾದರೂ ತನ್ನಿ."

ಮರುದಿನ ಮನೆಯ ಬೀಗದ ಕೈ ಒಯ್ದ. ಈಚೆಯ ತಟ್ಟೆ ಅಲ್ಲಾಡಲಿಲ್ಲ. ಬೀಗ ಹಾಕಿ ಹೋಗುವವರು ಬೀಗದ ಕೈ ಜೊತೆಗೇ ಒಯ್ಯುತ್ತಾರೆ ಅಂದಿತು ದನಿ. ಅದರ ಮರುದಿನ ಅಪ್ಪ ತಾತ ಮಣ್ಣು ತೆಗೆದ ಗುಂಡಿಯಿಂದ ಒಂದು ಹಿಡಿ ಜೇಡಿ ತಂದ. ಆಚೆ ದಡದಲ್ಲೂ ಮಣ್ಣಿದೆ ಅಂದಿತು. ಆಮೇಲೆ ಗಂಡ ಹೆಂಡತಿ ಸೇರಿ ತಿಗರಿಯನ್ನೇ ಬಿಚ್ಚಿ ಬೀದಿಯಲ್ಲಿ ಉರುಳಿಸಿಕೊಂಡು ಬಂದರು. ತಿಗರಿ ಉರುಳುವಂಥದ್ದು, ಹಿಡಿದಿಡುವಂಥದ್ದಲ್ಲ ಅಂದಿತು. ಹೆಂಡತಿಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕಿಟಕಿಗೆ ಮುಖ ಕೊಟ್ಟಳು.

"ನಾನಿದೀನಲ್ಲ! ಇವರನ್ನ ಕಟ್ಕೊಂಡು ಇಪ್ಪತ್ತೆಂಟು ವರ್ಷ ಆಯ್ತು. ನನ್ನನ್ನ ತೂಗಿ."

"ಹೆಂಡತಿ ತೂಗುವುದಿಲ್ಲ. ಹೆಂಡತಿಯನ್ನು ಬಿಟ್ಟು ಹೋದವರು ಬಹಳ ಜನ ಇದ್ದಾರೆ."

"ನಿಮ್ಮ ಕಡೆ ಇರ್ಬೋದು!" ಅಂದಳು. ಕೈಗಳು ಬೇಸರಪಟ್ಟುಕೊಳ್ಳಲಿಲ್ಲ. ನಾಳೆ ಬನ್ನಿ ಅಂದವು.

ಉಳಿದದ್ದು ನಾಲ್ಕು ದಿನ. ಕುಂಬಾರ ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಹೂಡಿದ. ಬೆಳಿಗ್ಗೆ ಕಿಟಕಿಗೆ ಹೋಗಿ, ಎಷ್ಟು ಬೇಕಾದವರು ಅಂತ ಕೇಳಿದ್ದಕ್ಕೆ, "ಅಷ್ಟೇನೂ ಇಲ್ಲ ಸ್ವಾಮಿ, ಏನೋ ಸಂಬಂಧ, ಹೋಗಿ ಮುಖ ತೋರಿಸಿ ಬರೋದು" ಅಂದ. ತಟ್ಟೆ ಕೂದಲೆಳೆಯಷ್ಟೂ ಏಳಲಿಲ್ಲ.

"ಅಷ್ಟೇನೂ ಬೇಕಾದವರಲ್ಲದಿದ್ದರೆ ಹೋಗುವುದು ಯಾಕೆ?" ಅಂದಿತು ದನಿ. "ಬೇರೆ ಏನೋ ಉದ್ದೇಶ ಇರಬೇಕು. ನಾಳೆ ಬನ್ನಿ."

ಬೇಕು ಅಂದರೆ ವಾಪಸ್ ಬರುವುದಿಲ್ಲ. ಬೇಡ ಅಂದರೆ ಹೋಗುವ ಕಾರಣವಿಲ್ಲ. ಅತ್ತ ದರಿ, ಇತ್ತ ಪುಲಿ. ಮಣ್ಣು ಕಲೆಸಿ ಕಲೆಸಿ ತಾಳ್ಮೆ ಕಲಿತಿದ್ದ ಕುಂಬಾರನ ತಾಳ್ಮೆ ಅಲ್ಲಿಗೆ ಒಡೆಯಿತು. ಕಿಟಕಿಯ ಕಟ್ಟೆಗೆ ಕೈ ಬಡಿದು ಕೂಗಿದ.

"ಹೋದವನು ಬರಲ್ಲ ಅಂತ ನಿಮಗೆ ಯಾರ್ರೀ ಹೇಳಿದ್ದು? ನಾನು ಮಡಕೆ ಸುಡೋ ಆವಿಗೆ ಇಲ್ಲಿದೆ, ನನ್ನ ಹೆಂಡ್ತಿ ಇಲ್ಲಿದಾಳೆ, ನನ್ನ ಅಪ್ಪ ಅಮ್ಮನ್ನ ಹೂತಿರೋದು ಇಲ್ಲಿ! ಒಂದು ದಿನ! ಒಂದು ಕೈ ಹಿಡ್ಕೊಂಡು ಹತ್ತು ಹೆಜ್ಜೆ ನಡೆಸಿ ಬಂದುಬಿಡ್ತೀನಿ. ಹತ್ತು ಹೆಜ್ಜೆ ಕಣ್ರೀ!"

ಕೈಗಳು ಕಿಟಕಿಯ ಪಟ್ಟಿಯನ್ನು ಮೆಲ್ಲಗೆ ಇಳಿಸಿದವು. ಸಾಲಿನವರು ಅವನನ್ನೇ ಗದರಿದರು. ಇವನ ಕೂಗಾಟದಿಂದ ಅವರ ದಿನವೂ ಹಾಳಾಗಿತ್ತು.

ಸಾಲಿನ ಪಕ್ಕಕ್ಕೆ ಒಂದು ಹುಣಸೇಮರ. ಅದರ ಕೆಳಗೆ ಅರ್ಜಿ ಬರೆದುಕೊಡುವವನೊಬ್ಬ ಮಣೆ ಹಾಕಿಕೊಂಡು ಕೂರುತ್ತಿದ್ದ. ಎರಡು ದಿನದಿಂದ ಇವನನ್ನೇ ನೋಡುತ್ತಿದ್ದವನು ಕೈಸನ್ನೆ ಮಾಡಿ ಕರೆದ.

"ಯಜಮಾನ್ರೇ, ನೀವು ಈ ಕಡೆ ತಟ್ಟೆಗೆ ಹೇರ್ತಾ ಇದೀರಿ. ಊರನ್ನೇ ಹೊತ್ತು ತಂದ್ರೂ ಅದು ಇಳಿಯಲ್ಲ. ಆ ಕಡೆ ತಟ್ಟೇನ ಹಗುರ ಮಾಡಿ."

"ಹೇಗೆ? ಬೇಕಾದವಳಲ್ಲ ಅಂತ ಹೇಳಿದೆನಲ್ಲ."

"ಹೇಳಿದ್ರೆ ಆಗಲ್ಲ. ಬಿಟ್ಟು ಹೋಗ್ಬೇಕು. ಒಳಗೆ ವ್ಯವಸ್ಥೆ ಇದೆ, ಕೇಳಿ. ನಾನೂ ಒಂದ್ಸಲ ಹಾಗೇ ಹೋಗಿ ಬಂದವನು. ಏನೂ ತೊಂದ್ರೆ ಆಗಲಿಲ್ಲ." ಅವನು ನಕ್ಕು ಲೇಖನಿಯಿಂದ ಬೆನ್ನು ಕೆರೆದುಕೊಂಡ. "ಯಾಕೆ ಹೋಗಿದ್ದೆ ಅಂತ ಮಾತ್ರ ನೆನಪಿಲ್ಲ."

ಕುಂಬಾರನಿಗೆ ಆ ಕೊನೆಯ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಎರಡು ದಿನ ಮನಸ್ಸು ಒಪ್ಪದೆ ಮನೆಯಲ್ಲೇ ಕೂತಿದ್ದು, ಮುಹೂರ್ತದ ಹಿಂದಿನ ದಿನ ಐರಣಿ ಮಡಕೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಕಿಟಕಿಗೆ ಹೋಗಿ, "ಬಿಟ್ಟು ಹೋಗ್ತೀನಿ ಸ್ವಾಮಿ" ಅಂದ.

ಕೈಗಳು ಮೊದಲ ಸಲ ಚುರುಕಾದವು. ಮುಷ್ಟಿಯಷ್ಟು ದೊಡ್ಡದಾದ ಒಂದು ಕುಡಿಕೆಯನ್ನು ಅವನ ಮುಂದೆ ಇಟ್ಟವು. ನೋಡಿದರೆ ಅದರ ತಳದಲ್ಲಿ ಅವನದೇ ಹೆಬ್ಬೆರಳ ಗುರುತು. ಪ್ರತಿ ವರ್ಷ ಕಿಟಕಿಮನೆಗೆ ಅವನು ಇಂಥ ನೂರು ಕುಡಿಕೆ ಮಾಡಿಕೊಡುತ್ತಿದ್ದ.

"ಇದು ಉಪ್ಪಿನಕಾಯಿಗೆ ಅಂದ್ಕೊಂಡಿದ್ದೆ," ಅಂದ.

"ಹೇಳಿ. ಹತ್ತಿರ ಬಾಯಿಟ್ಟು ಹೇಳಿ."

ಹೆಗಲ ಮೇಲೆ ಕೂತವಳು ಕಿವಿ ಹಿಡಿದು ನಡೆಸಿದ್ದನ್ನು ಕುಡಿಕೆಯೊಳಗೆ ಹೇಳಿದ. ಕೈಗಳು ಮುಚ್ಚಳ ಇಟ್ಟು ಅರಗು ಒತ್ತಿದವು. ತಟ್ಟೆ ಒಂದು ಗೇಣು ಎದ್ದಿತು. ಎರಡನೇ ಕುಡಿಕೆಗೆ ತಿಗರಿಯನ್ನೂ ಪುಟ್ಟ ಕೈಯನ್ನೂ ಸೊಟ್ಟ ಗಡಿಗೆಯನ್ನೂ ಹೇಳಿದ. ಅರಗು ಒತ್ತಿದವು. ತಟ್ಟೆ ಇನ್ನೊಂದು ಗೇಣು ಎದ್ದಿತು. ಮೂರನೆಯ ಕುಡಿಕೆ ಬಂದಾಗ ಅವನು ಅದನ್ನು ಹಿಂದಕ್ಕೆ ತಳ್ಳಿದ.

"ಇದೊಂದು ನನ್ನ ಹತ್ರ ಇರ್ಲಿ ಸ್ವಾಮಿ. ಇದಕ್ಕೋಸ್ಕರಾನೇ ನಾನು ಹೋಗ್ತಿರೋದು."

"ಇರಲಿ. ನೀವೂ ಇಲ್ಲೇ ಇರಿ."

ಆಚೆ ದಡದಿಂದ ವಾಲಗದ ಸದ್ದು ಕೇಳಿಸುತ್ತಿತ್ತು. ಚಪ್ಪರ ಹಾಕಿದ್ದರು, ದೇವರ ಊಟ ನಡೆದಿತ್ತು. ಬೆಳಗಾದರೆ ಅವಳು ಒಳಮನೆಯಲ್ಲಿ ಕೂತಿರುತ್ತಾಳೆ. ಹೋಗದಿದ್ದರೆ ಮಾತು ಮುರಿಯುತ್ತದೆ, ಹೋಗಬೇಕಾದರೆ ಮಾತನ್ನು ಇಲ್ಲೇ ಇಡಬೇಕು. ಹೇಗಾದರೂ ಮೊದಲು ಅಲ್ಲಿಗೆ ಮುಟ್ಟಿಬಿಡೋಣ, ಅವಳ ಮುಖ ನೋಡಿದರೆ ಎಲ್ಲಾ ತಾನಾಗಿ ಬರುತ್ತದೆ ಅಂತ ತನಗೆ ತಾನೇ ಹೇಳಿಕೊಂಡ. ಆಮೇಲೆ ಬಗ್ಗಿ ಮೂರನೆಯ ಕುಡಿಕೆಗೂ ಹೇಳಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹದಿನೇಳು ವರ್ಷದ್ದು ಮುಗಿಯಲು ಅಷ್ಟು ಹೊತ್ತೂ ಬೇಕಾಗಲಿಲ್ಲ. ತಟ್ಟೆ ಮೇಲಕ್ಕೆದ್ದು, ಪತ್ರಿಕೆ ಗಾಳಿಗೆ ಪಟಪಟ ಅಂದಿತು. ಕೈಗಳು ಅವನ ಅಂಗೈ ಎಳೆದುಕೊಂಡು ಮುದ್ರೆ ಒತ್ತಿದವು.

"ವಾಪಸ್ ಬಂದ ಮೇಲೆ ವಿಚಾರಿಸಿ," ಅಂದಿತು ದನಿ.

ಸೇತುವೆ ದಾಟುವಾಗ ಮೈ ಹಗುರವಾಗಿತ್ತು. ಒಳ್ಳೆಯ ಮದುವೆಯಂತೆ, ಊಟ ಮಾಡಿಕೊಂಡು ಬರುವುದು, ಅಷ್ಟೇ. ಕಂಕುಳಲ್ಲಿ ಇದ್ದ ಮಡಕೆ ಯಾರಿಗೆ ಅಂತ ಎರಡು ಸಲ ಯೋಚಿಸಿದ. ಚಿತ್ತಾರ ಚೆನ್ನಾಗಿತ್ತು, ಮದುವೆ ಮನೆಯಲ್ಲಿ ಉಪಯೋಗಕ್ಕೆ ಬಂದೀತು ಅಂದುಕೊಂಡ.

ಚಪ್ಪರದ ಬಾಗಿಲಲ್ಲಿ ಒಬ್ಬ ಹೆಂಗಸು ಇವನನ್ನು ಕಂಡು "ಅಣ್ಣಾ!" ಅಂತ ಓಡಿಬಂದಳು. ಹತ್ತಿರ ಬಂದು ಮುಖ ನೋಡಿದಳು. ಆ ಕಣ್ಣಲ್ಲಿ ಗುರುತಿನ ಸುಳಿವೇ ಇರಲಿಲ್ಲ; ಬೇರೆ ಯಾರನ್ನೋ ಅಣ್ಣ ಅಂದುಕೊಂಡೆ ಅನ್ನಿಸಿ ಅವಳ ಕಾಲು ಅಲ್ಲೇ ನಿಂತಿತು. ಮತ್ತೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, "ಬನ್ನಿ, ಕಾಲು ತೊಳ್ಕೊಳ್ಳಿ, ದೂರದಿಂದ ಬಂದಿದೀರಿ" ಅಂದಳು. ಅವನು ಕಾಲು ತೊಳೆದುಕೊಂಡು, ಬಂದವರ ಜೊತೆ ಚಾಪೆಯ ಮೇಲೆ ಕೂತ.

ಬೆಳಗಾಗಿ ಮುಹೂರ್ತ ಬಂತು. ಒಳಮನೆಯ ಬಾಗಿಲಲ್ಲಿ ಮದುಮಗಳು ಕೂತಿದ್ದಳು, ಬಾಸಿಂಗ ಕಟ್ಟಿ, ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು. ಸೋದರಮಾವ ಎಲ್ಲಿ ಅಂತ ಪುರೋಹಿತರು ಕೂಗಿದರು. ಎಲ್ಲರೂ ಸೇತುವೆಯ ಕಡೆ ನೋಡಿದರು. ಕುಂಬಾರನೂ ಕತ್ತೆತ್ತಿ ನೋಡಿದ. ಸೇತುವೆಯ ಮೇಲೆ ಯಾರೂ ಇರಲಿಲ್ಲ.

"ಏಳಮ್ಮ, ಗಳಿಗೆ ಮೀರ್ತಿದೆ," ಅಂದರು.

"ಮಾವ ಬರ್ಲಿ," ಅಂದಳು.

ಇನ್ನೊಮ್ಮೆ ಕೂಗಿದರು. "ಮಾವ ಬರ್ತೀನಿ ಅಂದಿದಾನೆ," ಅಂದಳು. ಮೂರನೆಯ ಸಲ ಕೂಗುವಾಗ ಅವಳ ತಾಯಿ ಗೋಡೆಗೆ ಒರಗಿ ಅಳುತ್ತಿದ್ದಳು. ಕೊನೆಗೆ ಪುರೋಹಿತರು, ಯಾರಾದರೂ ಹಿರಿಯರು ಕೈ ಹಿಡಿಯಿರಿ, ದೋಷವಿಲ್ಲ ಅಂದರು. ಬಾಗಿಲಿಗೆ ಹತ್ತಿರ ಕೂತಿದ್ದವನು ಕುಂಬಾರ. ಎದ್ದು ಕೈ ಚಾಚಿದ. ತಾಯಿಯ ಅಳು ನೋಡಲಾರದೆ ಅವಳು ಆ ಕೈ ಹಿಡಿದು ಎದ್ದಳು. ಹತ್ತು ಹೆಜ್ಜೆ. ಹತ್ತು ಹೆಜ್ಜೆಯೂ ಅವಳು ಮುಖವನ್ನು ಸೇತುವೆಯ ಕಡೆಗೇ ತಿರುಗಿಸಿಕೊಂಡು ನಡೆದಳು. ಅವನ ಕೈಯೊಳಗೆ ಆ ಕೈ ಬೆಚ್ಚಗಿತ್ತು, ಒಂದು ಕ್ಷಣ ಏನೋ ಗುರುತು ಹತ್ತಿದಂತೆ ಅನ್ನಿಸಿ, ಹಸೆಮಣೆ ಬಂದುಬಿಟ್ಟಿತು.

ಊಟ ಮುಗಿಸಿ, ಹೇಳಿದ ಹೊತ್ತಿಗೆ ಸರಿಯಾಗಿ ಸೇತುವೆ ದಾಟಿ ಮನೆಗೆ ಬಂದ. ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಕಾಲಿಗೆ ನೀರು ಕೊಟ್ಟು, ಒಂದೇ ಉಸಿರಿಗೆ ಕೇಳಿದಳು.

"ಹೇಗಿದಾಳ್ರೀ? ನಿಮ್ಮನ್ನ ನೋಡಿ ಅತ್ಳಾ? ಕೈ ಹಿಡಿದಾಗ ಏನಂದ್ಳು?"

"ಊಟ ಚೆನ್ನಾಗಿತ್ತು," ಅಂದ ಕುಂಬಾರ. "ಹೋಳಿಗೆ ಮಾಡಿದ್ರು. ಹುಡುಗಿ ಮಾತ್ರ ಪಾಪ. ಅವಳ ಸೋದರಮಾವ ಬರ್ಲೇ ಇಲ್ಲ. ಕೊನೇವರೆಗೂ ದಾರಿ ನೋಡ್ತಿತ್ತು ಕೂಸು. ಎಂಥ ಮನುಷ್ಯನೋ ಅವನು! ಒಂದು ದಿನದ ಮಟ್ಟಿಗೆ ಬಂದು ಹೋಗೋಕಾಗ್ಲಿಲ್ವಾ ಅವನಿಗೆ?"

ಹೆಂಡತಿ ಒಳಗೆ ಹೋದಳು. ಗೂಡಿನಿಂದ ಸೊಟ್ಟ ಗಡಿಗೆ ತೆಗೆದು ಅವನ ಕೈಗೆ ಕೊಟ್ಟಳು. ಅವನು ತಿರುಗಿಸಿ ತಿರುಗಿಸಿ ನೋಡಿ, ಇದನ್ನ ಯಾಕೆ ಸುಟ್ಟೆನೋ, ಮಣ್ಣು ದಂಡ ಅಂದ. ಕಿಟಕಿಯಲ್ಲಿ ಏನಾಯಿತು ಅಂತ ಅವಳು ಕೇಳಿದ್ದಕ್ಕೆ, ಮೂರು ಕುಡಿಕೆಯೊಳಗೆ ಏನೋ ಹೇಳಿಸಿ ಇಟ್ಟುಕೊಂಡರು, ಏನು ಅಂತ ನೆನಪಿಲ್ಲ ಅಂದ. ಅವಳು ತಂಬಿಗೆಯಲ್ಲಿ ನೀರು ತುಂಬಿಕೊಂಡಳು. ಇನ್ನೊಂದು ಕೈಯಲ್ಲಿ ಗಂಡನ ಕೈ ಹಿಡಿದು ಬೀದಿಗೆ ಎಳೆದುಕೊಂಡು ಹೊರಟಳು. ಯಾರದೋ ಮದುವೆಗೆ ಯಾರದೋ ಮಾವ ಬರದಿದ್ದಕ್ಕೆ ಇವಳಿಗೆ ಇಷ್ಟು ಕಣ್ಣೀರು ಯಾಕೆ ಅಂತ ಅವನಿಗೆ ತಿಳಿಯಲಿಲ್ಲ. ಸಾಲನ್ನು ದಾಟಿಕೊಂಡು ನೇರ ಕಿಟಕಿಗೆ ಹೋಗಿ ನಿಂತಳು. ಅವಳ ಮುಖ ನೋಡಿ ಯಾರೂ ತಡೆಯಲಿಲ್ಲ.

"ಎಲ್ಲಿಗೆ?" ಅಂದಿತು ದನಿ.

ಅಭ್ಯಾಸಬಲದಿಂದ ಕುಂಬಾರ ಹಿಂದಕ್ಕೆ ಸರಿದು ಕೂರಲು ಹೋದ. ಅವಳು ಕೈ ಬಿಡಲಿಲ್ಲ.

"ಎಲ್ಲಿಗೂ ಇಲ್ಲ. ಹೋಗಿ ಬರ್ತಾರೆ ಅಂತ ತೂಗಿ, ಮುದ್ರೆ ಒತ್ತಿ ನನ್ನ ಗಂಡನ್ನ ಕಳ್ಸಿದ್ರಲ್ಲ, ಅವರು ವಾಪಸ್ ಬಂದಿಲ್ಲ. ಅದನ್ನ ಹೇಳೋಕೆ ಬಂದೆ."

ಕೈಗಳು ಪುಸ್ತಕ ತೆರೆದು ಸಾಲಿನ ಮೇಲೆ ಬೆರಳಾಡಿಸಿದವು. "ಬಂದಿದ್ದಾರೆ. ನಿಮ್ಮ ಪಕ್ಕದಲ್ಲೇ ನಿಂತಿದ್ದಾರೆ."

"ಊಟಕ್ಕೆ ಹೋದವರು ಬಂದಿದಾರೆ. ಮದುವೆಗೆ ಹೊರಟವರು ಬಂದಿಲ್ಲ. ಮೂರು ಕುಡಿಕೆ ಇಟ್ಕೊಂಡಿದೀರಂತೆ, ಕೊಡಿ."

"ಅದನ್ನು ಕೊಟ್ಟರೆ ಇವರು ಮತ್ತೆ ಆಚೆಗೆ ಹೋಗುತ್ತಾರೆ."

"ಹೋಗ್ಲಿ. ಹೋಗ್ಬೇಕಾದ್ದೇ."

"ಹೋದರೆ ವಾಪಸ್ ಬರುತ್ತಾರೆ ಅನ್ನುವುದಕ್ಕೆ?" ಕೈಗಳು ತಕ್ಕಡಿಯನ್ನು ಎಳೆದು ತಟ್ಟೆಯ ಧೂಳು ಒರೆಸಿದವು. ಅವಳು ತಟ್ಟೆಯ ಕಡೆ ನೋಡಲೇ ಇಲ್ಲ. "ನಾಳೆ ಬನ್ನಿ" ಅಂದಿತು ದನಿ.

ಅವಳು ಅಲ್ಲೇ, ಕಿಟಕಿಯ ಬುಡದಲ್ಲೇ, ಕಾಲು ಮಡಿಸಿ ಕೂತಳು. ಗಂಡನನ್ನೂ ಪಕ್ಕಕ್ಕೆ ಕೂರಿಸಿಕೊಂಡಳು.

"ನಾಳೆಗೂ ಇಲ್ಲ, ನಾಡಿದ್ದಿಗೂ ಇಲ್ಲ. ಇವರು ಬರೋವರೆಗೂ ನಾನು ಕೂತಲ್ಲಿಂದ ಏಳಲ್ಲ."

ಆ ಮಾತನ್ನು ಎಲ್ಲೋ ಕೇಳಿದ್ದೆ ಅನ್ನಿಸಿತು ಕುಂಬಾರನಿಗೆ. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು ಅಂತ ತಡಕಾಡಿದ. ಸಿಗಲಿಲ್ಲ. ಹೆಂಡತಿ ಒಂದು ಕೈಯಲ್ಲಿ ತಂಬಿಗೆ ಎತ್ತಿ ಎರಡು ಗುಟುಕು ಕುಡಿದು ಅವನಿಗೆ ಕೊಟ್ಟಳು. ಇನ್ನೊಂದು ಕೈ ಅವನ ಕೈ ಹಿಡಿದೇ ಇತ್ತು.